ಏರಿ ಎಂದರೆ ದಡವಲ್ಲ: ಒಂದು ವಚನ, ಒಂದು ತರಗತಿ

ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ವಚನವೊಂದರ ಸಾರಾಂಶವನ್ನು ಹೀಗೆ ಬರೆದಿದ್ದಳು: “ಒಲೆಯಲ್ಲಿ ಹತ್ತಿ ಬಿದ್ದು ಉರಿದರೆ ದೂರ ನಿಲ್ಲಬಹುದು. ಎತ್ತರದ ಜಾಗಕ್ಕೆ ಏರಿ ನೀರು ಕುಡಿದರೆ, ಬೇಲಿಯ ಮುಳ್ಳು ಕೈಗೆ ತರಚಿದರೆ, ಮನೆಯಲ್ಲಿ ಕಳ್ಳತನವಾದರೆ, ಹಾಲು ಕೆಟ್ಟುಹೋದರೆ ಯಾರನ್ನೂ ದೂರಬಾರದು. ನಮ್ಮ ಎಚ್ಚರಿಕೆಯಲ್ಲಿ ನಾವಿರಬೇಕು ಎಂದು ಬಸವಣ್ಣನವರು ಹೇಳಿದ್ದಾರೆ.”

ದುಂಡಗಿನ ಅಕ್ಷರ, ಒಂದೂ ಕಾಗುಣಿತದ ತಪ್ಪಿಲ್ಲ. ಕೆಂಪು ಪೆನ್ನು ಹಿಡಿದು ಕುಳಿತಿದ್ದ ನಾನು ಅದನ್ನು ಎರಡು ಸಲ ಓದಿ, ಪೆನ್ನು ಮುಚ್ಚಿಟ್ಟೆ. ಇದು ಉಡಾಫೆಯ ಬರವಣಿಗೆಯಲ್ಲ. ವಚನದ ಒಂದೊಂದು ಪದಕ್ಕೂ ಅವಳು ಲೆಕ್ಕ ಕೊಟ್ಟಿದ್ದಳು. ಗೊತ್ತಿದ್ದ ಪದಗಳನ್ನು ಜೋಡಿಸಿ, ಅರ್ಥವಾಗುವಂಥ ವಾಕ್ಯಗಳನ್ನು ಮಾಡಿ, ಕೊನೆಗೆ ಒಂದು ನೀತಿಯನ್ನೂ ಹುಡುಕಿದ್ದಳು. ವಚನ ಮಾತ್ರ ಅವಳ ಕೈಗೆ ಸಿಕ್ಕಿರಲಿಲ್ಲ.

ಆ ವಚನ ಇದು:

ಒಲೆ ಹತ್ತಿ ಉರಿದಡೆ ನಿಲಬಹುದಲ್ಲದೆ
ಧರೆ ಹತ್ತಿ ಉರಿದಡೆ ನಿಲಲುಬಾರದು.
ಏರಿ ನೀರುಂಬಡೆ, ಬೇಲಿ ಕೆಯ್ಯ ಮೇವಡೆ,
ನಾರಿ ತನ್ನ ಮನೆಯಲ್ಲಿ ಕಳುವಡೆ,
ತಾಯ ಮೊಲೆವಾಲು ನಂಜಾಗಿ ಕೊಲುವಡೆ,
ಇನ್ನಾರಿಗೆ ದೂರುವೆ ಕೂಡಲಸಂಗಮದೇವಾ.

ಹನ್ನೆರಡನೆಯ ಶತಮಾನದ ಮಾತು. ಕನ್ನಡ ಓದಿದ ಹಿರಿಯರಲ್ಲಿ ಎಷ್ಟೋ ಜನರಿಗೆ ಬಾಯಿಪಾಠ ಇರುವಂಥದ್ದು. ಕಾಯಬೇಕಾದದ್ದೇ ಕೊಲ್ಲಲು ನಿಂತರೆ ಮೊರೆ ಇಡುವುದಕ್ಕೆ ಜಾಗವೇ ಉಳಿಯುವುದಿಲ್ಲ ಎಂಬ ಸಂಕಟ ಇದರ ಜೀವ. ನೀರನ್ನು ಕಾಯುವ ಏರಿಯೇ ನೀರನ್ನು ಉಂಡರೆ, ಬೆಳೆಯನ್ನು ಕಾಯುವ ಬೇಲಿಯೇ ಬೆಳೆಯನ್ನು ಮೇಯ್ದರೆ, ಮನೆಯನ್ನು ಕಾಯುವವಳೇ ಕದ್ದರೆ, ಬದುಕಿಸಬೇಕಾದ ಎದೆಹಾಲೇ ವಿಷವಾದರೆ. ಒಂದರ ಮೇಲೊಂದು ಬಂದು ಎದೆಯ ಮೇಲೆ ಕೂರುವ ಈ ನಾಲ್ಕು ಚಿತ್ರಗಳು ಆ ಹುಡುಗಿಗೆ ನಾಲ್ಕು ಸಣ್ಣಪುಟ್ಟ ಅವಘಡಗಳಾಗಿ ಕಂಡಿದ್ದವು.

ಅವಳೊಬ್ಬಳಿಗೇ ಅಲ್ಲ. ಉಳಿದ ಪುಸ್ತಕಗಳನ್ನು ತಿರುವಿದೆ. ‘ಹತ್ತಿ’ ಹೆಚ್ಚಿನವರಿಗೆ ಅರಳೆಯಾಗಿತ್ತು, ಕೆಲವರಿಗೆ ಮೆಟ್ಟಿಲು ಹತ್ತುವುದಾಗಿತ್ತು. ‘ಏರಿ’ ಎಲ್ಲರಿಗೂ ‘ಮೇಲೆ ಹೋಗಿ’ ಆಗಿತ್ತು. ‘ಕೆಯ್ಯ’ ಎಂಬುದು ‘ಕೈ’ಯ ಹಳೆಯ ಬರಹ ಎಂದು ಎಲ್ಲರೂ ನಂಬಿದ್ದರು.

ತರಗತಿಯ ಬಗ್ಗೆ ಎರಡು ಮಾತು. ಬೆಂಗಳೂರಿನ ಉತ್ತರದ ಅಂಚಿನಲ್ಲಿ, ದೊಡ್ಡಬಳ್ಳಾಪುರದ ದಿಕ್ಕಿಗಿರುವ ಒಂದು ಪ್ರೌಢಶಾಲೆ. ಹಿಂದೆ ಹಳ್ಳಿಯಾಗಿದ್ದು ಈಗ ಬಡಾವಣೆಯಾಗಿರುವ ಜಾಗ. ಮಗ್ಗದ ಮನೆಯ ಮಕ್ಕಳಿದ್ದಾರೆ. ಕಟ್ಟಡ ಕೆಲಸಕ್ಕೆಂದು ಯಾದಗಿರಿ, ಕಲಬುರಗಿ ಕಡೆಯಿಂದ ಬಂದ ಮನೆಗಳ ಮಕ್ಕಳಿದ್ದಾರೆ. ಮನೆಯಲ್ಲಿ ತಮಿಳು, ತೆಲುಗು, ಉರ್ದು ಆಡುವವರಿದ್ದಾರೆ. ಇವರಲ್ಲಿ ಹೆಚ್ಚಿನವರು ಕನ್ನಡವನ್ನು ತಡವರಿಸದೆ ಓದುತ್ತಾರೆ. ಅಷ್ಟು ಸರಾಗವಾಗಿ ಓದುವುದರಿಂದಲೇ ನಾನು ಮೋಸಹೋದೆ. ಗಟ್ಟಿಯಾಗಿ, ತಪ್ಪಿಲ್ಲದೆ ವಚನ ಓದಿದ ಮಗುವಿಗೆ ಅದು ತಿಳಿದಿದೆ ಎಂದುಕೊಳ್ಳುವುದು ಸುಲಭ.

ರೂಪಕವೇ ಕಾಣದಿದ್ದಾಗ

ಈ ಸಾರಾಂಶಗಳನ್ನು ಮುಂದಿಟ್ಟುಕೊಂಡು ಯೋಚಿಸಿದ ಮೇಲೆ ನನಗೆ ಹೊಳೆದ ಒಂದು ಸಂಗತಿಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪದ ಗೊತ್ತಿಲ್ಲದಿದ್ದರೆ ರೂಪಕ ಕಷ್ಟವಾಗುತ್ತದೆ ಎಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಇಲ್ಲಿ ಆದದ್ದು ಅದಕ್ಕಿಂತ ಕೆಟ್ಟದ್ದು. ಮಕ್ಕಳಿಗೆ ರೂಪಕ ಕಷ್ಟವೆನಿಸಲೇ ಇಲ್ಲ, ಏಕೆಂದರೆ ಅಲ್ಲೊಂದು ರೂಪಕವಿದೆ ಎಂಬುದೇ ಅವರಿಗೆ ಕಾಣಲಿಲ್ಲ. ‘ಏರಿ ನೀರುಂಬಡೆ’ ಎಂಬುದನ್ನು ‘ಮೇಲೆ ಹತ್ತಿ ನೀರು ಕುಡಿದರೆ’ ಎಂದು ಓದಿಕೊಂಡರೆ ಅದರಲ್ಲಿ ವಿಚಿತ್ರವೇನೂ ಇಲ್ಲ. ಯಾರು ಬೇಕಾದರೂ ಮೇಲೆ ಹತ್ತಿ ನೀರು ಕುಡಿಯಬಹುದು. ಒಲೆಗೆ ಹತ್ತಿ ಬಿದ್ದರೆ ಉರಿದೇ ಉರಿಯುತ್ತದೆ. ಬೇಲಿಯ ಮುಳ್ಳು ಕೈಗೆ ತರಚುತ್ತದೆ. ಎಲ್ಲವೂ ಇದ್ದ ಹಾಗೇ ಸರಿಯಾಗಿದೆ. ಓದುಗನನ್ನು ತಡೆದು ನಿಲ್ಲಿಸುವ ಕಲ್ಲು ದಾರಿಯಲ್ಲಿ ಒಂದೂ ಇಲ್ಲ.

ಮಣ್ಣಿನ ಏರಿ ನೀರನ್ನು ಉಣ್ಣುವುದೆಂದರೇನು ಎಂದು ಒಂದು ಕ್ಷಣ ತಬ್ಬಿಬ್ಬಾದವನು ಮಾತ್ರ ಮುಂದಿನ ಅರ್ಥವನ್ನು ಹುಡುಕುತ್ತಾನೆ. ಆ ತಬ್ಬಿಬ್ಬು ಹುಟ್ಟಬೇಕಾದರೆ ಏರಿ ಎಂದರೆ ಮಣ್ಣಿನದು, ಅದು ಉಣ್ಣುವಂಥದ್ದಲ್ಲ ಎಂಬ ಸಾದಾ ಅರ್ಥ ಮೊದಲೇ ಗಟ್ಟಿಯಾಗಿ ಇರಬೇಕು.

ನಮ್ಮ ಅಲಂಕಾರಶಾಸ್ತ್ರದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಲಕ್ಷಣಾರ್ಥ, ಅಂದರೆ ನೇರ ಅರ್ಥವನ್ನು ದಾಟಿ ಹೊಳೆಯುವ ಅರ್ಥ ಹುಟ್ಟುವುದಕ್ಕೆ ಸಂಸ್ಕೃತದ ಕಾವ್ಯಮೀಮಾಂಸಕ ಮಮ್ಮಟ ಹೇಳುವ ಮೊದಲ ಷರತ್ತೇ ಮುಖ್ಯಾರ್ಥಬಾಧೆ, ಅಂದರೆ ಪದದ ನೇರ ಅರ್ಥಕ್ಕೆ ಆ ಜಾಗದಲ್ಲಿ ತೊಡಕಾಗಬೇಕು. ಆಮೇಲೆಯೇ ನೇರ ಅರ್ಥಕ್ಕೆ ಸಂಬಂಧಪಟ್ಟ ಇನ್ನೊಂದು ಅರ್ಥಕ್ಕೆ ಮನಸ್ಸು ಹಾರುವುದು. ಅದಕ್ಕೆ ಎಲ್ಲರೂ ಕೊಡುವ ಉದಾಹರಣೆ ‘ಗಂಗಾಯಾಂ ಘೋಷಃ’. ಗಂಗೆಯಲ್ಲಿ ಘೋಷ. ನದಿಯ ನೀರಿನ ಮೇಲೆ ಹಟ್ಟಿ ಇರಲಾರದು, ಆದ್ದರಿಂದ ಗಂಗೆ ಎಂದರೆ ಇಲ್ಲಿ ಗಂಗೆಯ ತೀರ ಎಂದು ತಿಳಿಯಬೇಕು. ಎಂ.ಎ. ಓದುವಾಗ ಈ ಉದಾಹರಣೆಯನ್ನು ನಾನು ಹಲವು ದಿನ ಒಪ್ಪಿಕೊಳ್ಳಲಾರದೆ ಇದ್ದೆ. ಇದರಲ್ಲಿ ಬಾಧೆ ಎಲ್ಲಿದೆ? ಗಂಗೆಯಲ್ಲಿ ಘೋಷ ಇದ್ದೇ ಇರುತ್ತದಲ್ಲ, ನೀರಿನ ಮೊರೆತ? ಘೋಷ ಎಂಬುದಕ್ಕೆ ನನಗೆ ಗೊತ್ತಿದ್ದದ್ದು ಸದ್ದು, ಕೂಗು ಎಂಬ ಅರ್ಥ ಮಾತ್ರ. ಘೋಷ ಎಂದರೆ ದನ ಕಾಯುವವರ ಹಟ್ಟಿ ಎಂದು ತಿಳಿದ ದಿನ ಆ ಎರಡು ಪದ ಬಾಯಿ ಬಿಟ್ಟವು. ಹುಡುಗಿಯ ಪುಸ್ತಕ ಮುಂದಿಟ್ಟುಕೊಂಡಾಗ ನನಗೆ ನೆನಪಾದದ್ದು ಅದೇ. ಅವಳಿಗೆ ಏರಿ ಹೇಗೋ ನನಗೆ ಅಂದು ಘೋಷ ಹಾಗೆ. ಇಬ್ಬರಿಗೂ ಪದ ಗೊತ್ತಿತ್ತು, ಆದರೆ ಗೊತ್ತಿದ್ದದ್ದು ಬೇರೆ ಪದ.

ಕಪ್ಪುಹಲಗೆಯ ಮೇಲೆ ನಾನು ಬರೆದದ್ದು

ಮರುದಿನ ಎಲ್ಲ ಕನ್ನಡ ಮೇಷ್ಟರುಗಳು ಮಾಡುವುದನ್ನೇ ನಾನೂ ಮಾಡಿದೆ. ಕಪ್ಪುಹಲಗೆಯ ಮೇಲೆ ಪದಗಳ ಅರ್ಥ ಬರೆದೆ. ಹತ್ತಿ – ಹೊತ್ತಿಕೊಂಡು. ಧರೆ – ಭೂಮಿ. ಏರಿ – ಕೆರೆಯ ದಡ. ಕಳು – ಕದಿ. ನಂಜು – ವಿಷ. ಮಕ್ಕಳು ಬರೆದುಕೊಂಡರು. ಈಗ ಹೇಳಿ, ಏರಿ ನೀರು ಉಂಡರೆ ಏನು ಕಷ್ಟ ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಮುಂದಿನ ಬೆಂಚಿನ ಹುಡುಗನೊಬ್ಬ ಯೋಚಿಸಿ, “ದಡ ನೀರು ಕುಡಿದರೆ ಹುಲ್ಲು ಬೆಳೆಯುತ್ತದೆ, ಒಳ್ಳೆಯದೇ ಅಲ್ಲವೇ ಮೇಡಂ?” ಎಂದ.

ಅವನು ಹೇಳಿದ್ದು ಸರಿಯಾಗಿತ್ತು. ದಡ ನೀರು ಕುಡಿದರೆ ಯಾರಿಗೂ ಏನೂ ನಷ್ಟವಿಲ್ಲ.

ಆಗ ಹಿಂದಿನ ಸಾಲಿನಿಂದ ಒಂದು ದನಿ ಬಂತು. ಆ ಹುಡುಗ ಚಿಂತಾಮಣಿ ಕಡೆಯ ಒಂದು ಹಳ್ಳಿಯಿಂದ ಆ ವರ್ಷವಷ್ಟೇ ನಮ್ಮಲ್ಲಿಗೆ ಬಂದಿದ್ದ. ತಾನಾಗಿ ಮಾತನಾಡಿದ್ದನ್ನು ಅದುವರೆಗೂ ನಾನು ಕೇಳಿರಲಿಲ್ಲ. ಎದ್ದು ನಿಂತು, “ದಡ ಬೇರೆ, ಏರಿ ಬೇರೆ ಮೇಡಂ” ಎಂದ. “ದಡ ತಾನಾಗಿ ಇರುತ್ತದೆ. ಏರಿಯನ್ನು ಕಟ್ಟಿರುತ್ತಾರೆ.”

ಬಾ, ಚಿತ್ರ ಬರೆದು ತೋರಿಸು ಎಂದು ಸೀಮೆಸುಣ್ಣ ಕೊಟ್ಟೆ. ಅವನು ಮೊದಲು ಒಂದು ಬಟ್ಟಲಿನಂಥ ತಗ್ಗು ಬರೆದ. ಮೂರು ಕಡೆ ನೆಲ ತಾನೇ ಏರಿಕೊಂಡು ಹೋಗುತ್ತದೆ, ನಾಲ್ಕನೆಯ ಕಡೆ ಇಳಿಜಾರು. ಆ ಕಡೆ ಉದ್ದಕ್ಕೆ ದಪ್ಪನೆಯ ಗೆರೆ ಎಳೆದು, “ಇದು ಏರಿ. ಇದು ಇಲ್ಲದಿದ್ದರೆ ಕೆರೆಯೇ ಇಲ್ಲ” ಎಂದ. ಒಳಗಡೆ ನೀರಿನ ಮಗ್ಗುಲಿಗೆ ಕಲ್ಲು ಕಟ್ಟಿರುತ್ತಾರೆ, ಹೊರಗಡೆ ಬರೀ ಮಣ್ಣು. ಏರಿಯ ಬುಡದಲ್ಲಿ ನೀರು ಬಿಡುವ ತೂಬು, ಒಂದು ತುದಿಯಲ್ಲಿ ಹೆಚ್ಚಾದ ನೀರು ಹರಿದುಹೋಗುವ ಕೋಡಿ. ಏರಿಯ ಕೆಳಗೆ ಅಚ್ಚುಕಟ್ಟು, ಅಂದರೆ ಆ ಕೆರೆಯ ನೀರು ಕಂಡ ಗದ್ದೆಗಳು. ಅದರಾಚೆ ಊರು.

ಅವನ ತಾತ ಆ ಕೆರೆಯ ನೀರುಗಂಟಿ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವುದು ಅವರ ಕೆಲಸ. ಏರಿಯ ಮೇಲೆ ನಡೆದು ಅದರ ಆರೋಗ್ಯ ವಿಚಾರಿಸುವುದೂ ಅವರ ಕೆಲಸವೇ. ಮಳೆ ಜೋರಾಗಿ ಕೆರೆ ತುಂಬಿದ ರಾತ್ರಿಗಳಲ್ಲಿ ಲಾಟೀನು ಹಿಡಿದು ಏರಿಯ ಹೊರ ಮಗ್ಗುಲಲ್ಲಿ ಬಗ್ಗಿ ನೋಡುತ್ತಾ ಹೋಗುತ್ತಿದ್ದರಂತೆ. ಏಡಿ, ಹೆಗ್ಗಣ ತೋಡಿದ ಬಿಲಗಳಲ್ಲಿ ನೀರು ಒಳಗೆ ನುಗ್ಗುತ್ತದೆ. ತಿಳಿನೀರು ಜಿನುಗಿದರೆ ಅಷ್ಟು ಹೆದರಿಕೆಯಿಲ್ಲ. “ಕೆಂಪು ನೀರು ಬಂದರೆ ಮಾತ್ರ ತಾತ ಊರಿನವರನ್ನೆಲ್ಲ ಎಬ್ಬಿಸುತ್ತಿದ್ದರು. ಏರಿಯ ಮಣ್ಣೇ ಕರಗಿ ಬರುತ್ತಿದೆ ಎಂದು ಅರ್ಥ. ಏರಿ ನೀರು ಕುಡಿದಿದೆ ಅಂತ.”

ತರಗತಿ ಸದ್ದಿಲ್ಲದೆ ಕೇಳುತ್ತಿತ್ತು. ಏರಿ ಒಡೆದರೆ ನೀರೂ ಹೋಯಿತು, ಗದ್ದೆಯೂ ಹೋಯಿತು, ಊರೂ ಹೋಯಿತು. ಹುಲ್ಲು ಬೆಳೆಯುತ್ತದೆ ಎಂದಿದ್ದ ಹುಡುಗ ಕೈಯೆತ್ತಿ, “ಹಾಗಾದರೆ ಅದು ಮೋಸ ಮೇಡಂ” ಎಂದ. ಏರಿಯ ಬಗ್ಗೆ ‘ಮೋಸ’ ಎಂಬ ಪದ! ರೂಪಕದ ಬಾಗಿಲು ತೆರೆದದ್ದು ಅಲ್ಲಿ, ಆ ಒಂದು ಪದದಲ್ಲಿ. ನಾನು ತೆರೆಸಿದ್ದಲ್ಲ. ನಾನು ಹಲಗೆಯ ಮೇಲೆ ಬರೆದಿದ್ದ ‘ಕೆರೆಯ ದಡ’ ಅದನ್ನು ಮುಚ್ಚಿತ್ತು. ತಾನಾಗಿ ಇರುವ ದಡದ ಮೇಲೆ ಯಾರೂ ನಂಬಿಕೆ ಇಟ್ಟಿರುವುದಿಲ್ಲ, ಆದ್ದರಿಂದ ಅದು ನಂಬಿಕೆ ಕೆಡಿಸಲಾರದು. ಏರಿ ಕಟ್ಟಿದ್ದು, ಕಾಯಲಿ ಎಂದೇ ಕಟ್ಟಿದ್ದು.

ಅರ್ಥ ಹೇಳುವುದರಲ್ಲಿ ಇಂಥ ಸಣ್ಣ ಜಾರುವಿಕೆ ಎಷ್ಟು ದೊಡ್ಡ ನಷ್ಟ ಮಾಡುತ್ತದೆ ಎಂಬುದು ನನಗೆ ಇಷ್ಟು ಹತ್ತಿರದಿಂದ ಹಿಂದೆಂದೂ ಕಂಡಿರಲಿಲ್ಲ. ಭಾಷೆ ಕಲಿಸುವವರು ಪದಸಂಪತ್ತಿಗೆ ಎರಡು ಅಳತೆ ಹೇಳುತ್ತಾರೆ: ಎಷ್ಟು ಪದ ಗೊತ್ತು ಎಂಬುದು ಅಗಲ, ಒಂದೊಂದು ಪದ ಎಷ್ಟು ಗೊತ್ತು ಎಂಬುದು ಆಳ. ಸುದ್ದಿ ಓದುವುದಕ್ಕೆ ಅಗಲ ಬಹುಮಟ್ಟಿಗೆ ಸಾಕು. ‘ಏರಿಯ ಮೇಲೆ ಬಸ್ ಉರುಳಿತು’ ಎಂಬ ವಾಕ್ಯಕ್ಕೆ ‘ದಡ’ ಎಂಬ ಅರ್ಥ ನಡೆಯುತ್ತದೆ. ರೂಪಕಕ್ಕೆ ನಡೆಯುವುದಿಲ್ಲ, ಏಕೆಂದರೆ ರೂಪಕ ಹಿಡಿಯುವುದು ವಸ್ತುವಿನ ಹೆಸರನ್ನಲ್ಲ, ಅದರ ಕೆಲಸವನ್ನು, ಅದರ ಗುಣವನ್ನು. ಅಲಂಕಾರದ ಪಾಠದಲ್ಲಿ ನಾವು ‘ಸಮಾನಧರ್ಮ’ ಎಂದು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತೇವಲ್ಲ, ಆ ಧರ್ಮ ಇರುವುದು ಪದದ ಆಳದಲ್ಲಿ.

ಈ ವಚನದಲ್ಲಿ ಅದು ಇನ್ನೂ ಹೆಚ್ಚು ಮುಖ್ಯ. ಇಲ್ಲಿ ಹೋಲಿಕೆಗೆ ತಂದ ಉಪಮಾನಗಳಿವೆ, ಯಾವುದಕ್ಕೆ ಹೋಲಿಕೆ ಎಂದು ಹೇಳುವ ಉಪಮೇಯವೇ ಇಲ್ಲ! ಯಾರು ಮೋಸ ಮಾಡಿದರು, ಯಾರು ಯಾರನ್ನು ಕಾಯಬೇಕಿತ್ತು, ಏನನ್ನೂ ಬಸವಣ್ಣನವರು ಹೇಳುವುದಿಲ್ಲ. ಓದುಗನೇ ತುಂಬಿಕೊಳ್ಳಬೇಕು. ತುಂಬಿಕೊಳ್ಳುವುದಕ್ಕೆ ನಾಲ್ಕು ಚಿತ್ರಗಳಿಗೂ ಸಾಮಾನ್ಯವಾದ ಒಂದು ಎಳೆ ಸಿಗಬೇಕು. ಏರಿ ದಡವಾಗಿ, ಕೆಯ್ ಕೈಯಾಗಿ ಉಳಿದರೆ ಆ ಎಳೆ ಎಲ್ಲಿಂದ ಸಿಗಬೇಕು?

ಬೆಂಗಳೂರಿನ ಮಕ್ಕಳು ಏರಿಯನ್ನು ಅರಿಯದಿರುವುದಕ್ಕೆ ಅವರನ್ನು ದೂರುವಂತಿಲ್ಲ. ಸರ್ಕಾರದ ಲೆಕ್ಕದಲ್ಲಿ ರಾಜ್ಯದಲ್ಲಿ 36 ಸಾವಿರಕ್ಕೂ ಹೆಚ್ಚು ಕೆರೆಗಳಿವೆ. ಆದರೆ ಈ ಮಕ್ಕಳು ಬಸ್ ಹತ್ತುವ ಮೆಜೆಸ್ಟಿಕ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣ ಇರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಮೆಜೆಸ್ಟಿಕ್‌ನ ಪಕ್ಕದಲ್ಲಿ ಟ್ಯಾಂಕ್ ಬಂಡ್ ರಸ್ತೆ ಎಂದು ಇವತ್ತಿಗೂ ಹೆಸರಿದೆ ಎಂದಾಗ ಇಬ್ಬರು ಮೂವರು ತಲೆಯಾಡಿಸಿದರು. ಅಂದರೆ ಏರಿಯ ಹೆಸರು ಅವರ ಕಿವಿಗೆ ಬಿದ್ದಿತ್ತು, ಬೇರೆ ಭಾಷೆಯಲ್ಲಿ, ನೀರಿಲ್ಲದ ಜಾಗದಲ್ಲಿ.

ಉಳಿದ ಪದಗಳು

ಅಲ್ಲಿಂದ ಮುಂದೆ ಪಾಠದ ದಾರಿ ಬದಲಿಸಿದೆ. ಒಂದೊಂದು ಪದಕ್ಕೂ ಅರ್ಥ ಬರೆಯುವ ಬದಲು ಮೂರು ಪ್ರಶ್ನೆ ಕೇಳತೊಡಗಿದೆ. ಇದು ಎಲ್ಲಿರುತ್ತದೆ? ಇದರ ಕೆಲಸವೇನು? ಇದು ಕೆಟ್ಟರೆ ಯಾರಿಗೆ ಕಷ್ಟ?

‘ಕೆಯ್’ಗೆ ಉತ್ತರ ಹೇಳುವವರು ತರಗತಿಯಲ್ಲಿ ಯಾರೂ ಇರಲಿಲ್ಲ. ಹೊಲ ಎಂಬ ಅರ್ಥದಲ್ಲಿ ಈ ಪದ ಹಳಗನ್ನಡದಲ್ಲಿ, ಶಾಸನಗಳಲ್ಲಿ ಹೇರಳವಾಗಿ ಸಿಗುತ್ತದೆ. ದಾನ ಕೊಟ್ಟ ನೆಲವನ್ನು ಹೇಳುವಾಗ ಕೆಯ್ ಎಷ್ಟು ಮತ್ತರು (ನೆಲದ ಹಳೆಯ ಅಳತೆ) ಎಂದು ಲೆಕ್ಕ ಬರುತ್ತದೆ. ಆಡುಮಾತಿನಲ್ಲಿ ಮಾತ್ರ ಹೊಲ, ಗದ್ದೆ ಅದರ ಜಾಗಕ್ಕೆ ಬಂದಿವೆ. ನಾನೇ ಹೇಳಿಕೊಡಬೇಕಾಯಿತು. ಹೇಳುವಾಗ ಪಕ್ಕದಲ್ಲೇ ಇನ್ನೊಂದನ್ನೂ ಬರೆದೆ: ಕನ್ನಡದ ಕಿವಿ ತಮಿಳಿನಲ್ಲಿ ಚೆವಿ. ಹಾಗೆಯೇ ಕನ್ನಡದ ಕೆಯ್ ತಮಿಳಿನಲ್ಲಿ ಚೆಯ್. ಮನೆಯಲ್ಲಿ ತಮಿಳಾಡುವ ಒಬ್ಬಳ ಮುಖ ಅರಳಿತು. ಕೃಷ್ಣಗಿರಿಯ ಕಡೆ ಇರುವ ಅವಳ ಅಜ್ಜಿ ಜಮೀನಿನ ಮಾತು ಬಂದಾಗ ನಂಜೈ, ಪುಂಜೈ ಎನ್ನುತ್ತಾರಂತೆ. ನೀರಾವರಿ ನೆಲ, ಒಣನೆಲ. ಆ ಎರಡರ ಬಾಲದಲ್ಲಿ ಇರುವುದು ಅದೇ ಚೆಯ್, ನಮ್ಮ ಕೆಯ್. ಕನ್ನಡದ ತರಗತಿಯಲ್ಲಿ ತನ್ನ ಮನೆಮಾತಿಗೆ ಇಂಥದ್ದೊಂದು ಕೆಲಸ ಇರಬಹುದು ಎಂದು ಆ ಮಗು ಎಣಿಸಿರಲಿಲ್ಲ. ಪಾಠ ಮುಗಿಯುವವರೆಗೂ ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದಳು.

‘ನಂಜು’ ಬೇರೆ ದಾರಿಯಲ್ಲಿ ಬಂತು. ವಿಷ ಎಂದು ನಾನು ಬರೆದದ್ದು ಅವರಿಗೆ ಸಿನಿಮಾದ ಬಾಟಲಿಯಾಗಿ ಕಂಡಿತ್ತು. ನಂಜನಗೂಡಿಗೆ ಆ ಹೆಸರೇಕೆ ಎಂದು ಕೇಳಿದೆ. ನಂಜುಂಡೇಶ್ವರ ಇರುವುದರಿಂದ ಎಂದರು. ನಂಜುಂಡ ಎಂದರೆ? ಹಾಲಾಹಲ ಕುಡಿದವನು ಎಂದು ಇಬ್ಬರು ಒಟ್ಟಿಗೆ ಹೇಳಿದರು. ಹಾಗೆ ಹೇಳಿದ ಕ್ಷಣಕ್ಕೆ ನಂಜು ಸಿಕ್ಕಿತು, ‘ಉಂಡ’ ಕೂಡ ಸಿಕ್ಕಿತು, ಅದರ ಬೆನ್ನಿಗೆ ‘ನೀರುಂಬಡೆ’ಯ ಉಣ್ಣುವಿಕೆಯೂ ಸಿಕ್ಕಿತು. ಬಾಯಲ್ಲಿ ದಿನವೂ ಆಡುವ ಒಂದು ಹೆಸರಿನೊಳಗೆ ವಚನದ ಎರಡು ಪದ ಕುಳಿತಿದ್ದವು. ಯಾದಗಿರಿ ಕಡೆಯ ಹುಡುಗನೊಬ್ಬ, ಗಾಯ ಕೆಟ್ಟರೆ ನಮ್ಮ ಅಜ್ಜ ನಂಜಾಗಿದೆ ಎನ್ನುತ್ತಾನೆ ಎಂದ. ಒಳಗೊಳಗೇ ಕೀವಾಗಿ ಏರುವ ನಂಜು. ತಾಯಿಯ ಹಾಲು ಹೊರಗಿನಿಂದ ಬೆರೆಸಿದ ವಿಷವಲ್ಲ, ಅದೇ ನಂಜಾಗಿ ಬದಲಾದದ್ದು ಎಂಬ ಭೀಕರತೆ ಅವನ ಅಜ್ಜನ ಮಾತಿನಿಂದ ಬಂತು. ‘ವಿಷ’ ಎಂಬ ನನ್ನ ಅರ್ಥದಿಂದ ಬಂದಿರಲಿಲ್ಲ.

‘ಧರೆ’ಯಲ್ಲಿ ಒಂದು ತಿರುವು. ತೀರ್ಥಹಳ್ಳಿ ಕಡೆಯ ಹುಡುಗನಿಗೆ ಧರೆ ಎಂದರೆ ಮನೆಯ ಹಿಂದಿನ ಮಣ್ಣಿನ ಗೋಡೆ, ಮನೆ ಕಟ್ಟಲು ಗುಡ್ಡ ಕಡಿದಾಗ ಉಳಿದ ಕಡಿದಾದ ಬದಿ. ಮಳೆಗಾಲದಲ್ಲಿ ಮಲೆನಾಡು, ಕರಾವಳಿಯ ಪತ್ರಿಕೆಗಳಲ್ಲಿ ‘ಧರೆ ಕುಸಿತ’ ಎಂದು ಬರುವುದು ಅದೇ. ಅವನ ಅರ್ಥ ಅವನ ಊರಿಗೆ ಸರಿ, ವಚನಕ್ಕೆ ಸಾಲದು. ಆದರೆ ಇದನ್ನು ಬಿಡಿಸಿ ಹೇಳಿದ ಕೂಡಲೇ ಅವನೇ ಮುಂದುವರಿಸಿದ: “ಮನೆ ಹಿಂದಿನ ಧರೆ ಬಿದ್ದರೆ ಅಂಗಳಕ್ಕೆ ಓಡಬಹುದು. ಇಡೀ ಭೂಮಿಯೇ ಉರಿದರೆ ಎಲ್ಲಿಗೆ ಓಡುವುದು?” ಮೊದಲೆರಡು ಸಾಲಿಗೆ ಇದಕ್ಕಿಂತ ಒಳ್ಳೆಯ ವಿವರಣೆಯನ್ನು ನಾನು ಕೊಡಲಾರೆ.

ಕೊನೆಯ ಸಾಲಿಗೆ ಬಂದಾಗ ನಾನು ಬಾಯಿ ತೆರೆಯುವುದೇ ಬೇಕಾಗಲಿಲ್ಲ. ದೂರು ಎಂಬುದು ಅವರಿಗೆ ಗೊತ್ತಿರುವ ಪದ, ಪೊಲೀಸ್ ಠಾಣೆಯಲ್ಲಿ ಕೊಡುವಂಥದ್ದು. “ಪೊಲೀಸರೇ ಕದ್ದರೆ ದೂರು ಯಾರಿಗೆ ಕೊಡುವುದು ಮೇಡಂ?” ಎಂದು ಒಬ್ಬಳು ಕೇಳಿದಳು. ಮೊದಲ ದಿನ ‘ಯಾರನ್ನೂ ದೂರಬಾರದು’ ಎಂದು ನೀತಿ ಬರೆದಿದ್ದ ಹುಡುಗಿಯೇ ಅವಳು. ‘ದೂರಬಾರದು’ ಅಲ್ಲ, ‘ದೂರಲು ಯಾರೂ ಉಳಿದಿಲ್ಲ’. ಎಂಟು ನೂರು ವರ್ಷಗಳ ಹಿಂದಿನ ಮಾತಿಗೆ ಇಲ್ಲದಿದ್ದ ಉಪಮೇಯವನ್ನು ಅವಳು ತನ್ನ ಕಾಲದಿಂದ ತಂದು ಕೂರಿಸಿದ್ದಳು.

ಪದ ಗೊತ್ತಿದ್ದೂ ದಾಟಲಾಗದ ಸಾಲು

ಎಲ್ಲ ಪದವೂ ಗೊತ್ತಿದ್ದು, ಆದರೂ ತರಗತಿ ದಾಟಲಾರದೆ ನಿಂತ ಸಾಲು ‘ನಾರಿ ತನ್ನ ಮನೆಯಲ್ಲಿ ಕಳುವಡೆ’. ನಾರಿ ಹೆಂಗಸು, ಕಳು ಕದಿ, ಮನೆ ಮನೆಯೇ. ಆದರೂ ಚಿತ್ರ ಕೂರಲಿಲ್ಲ. ಹುಡುಗಿಯರು ಸುಮ್ಮನಿರಲಿಲ್ಲ. “ನಮ್ಮಮ್ಮ ಸಾಸಿವೆ ಡಬ್ಬಿಯಲ್ಲಿ ದುಡ್ಡು ಇಡುತ್ತಾಳೆ. ನನ್ನ ಪುಸ್ತಕ, ಬಸ್ ಪಾಸ್ ಎಲ್ಲ ಅದರಲ್ಲೇ. ಅದು ಕಳ್ಳತನವೇ?” ಎಂದಳು ಒಬ್ಬಳು. ತನ್ನ ಮನೆಯಲ್ಲಿ ತಾನು ತೆಗೆದುಕೊಂಡರೆ ಕಳವು ಹೇಗಾಗುತ್ತದೆ ಎಂದಳು ಇನ್ನೊಬ್ಬಳು.

ಮನೆಯ ಕಣಜದ ಕೀಲಿ ಯಾರ ಸೆರಗಿನಲ್ಲಿರುತ್ತಿತ್ತು, ವರ್ಷದ ದವಸ ಅಳೆದು ಹಾಕುವವರು ಯಾರಾಗಿದ್ದರು ಎಂದು ವಿವರಿಸಿದೆ. ಕಾಯುವ ಹೊಣೆ ಹೊತ್ತವಳು ಎಂಬ ಅರ್ಥದಲ್ಲೇ ಅವಳು ಏರಿಯ, ಬೇಲಿಯ ಸಾಲಿಗೆ ಬಂದಿದ್ದಾಳೆ ಎಂದೆ. ಒಪ್ಪಿದರು, ಅರ್ಧ ಮನಸ್ಸಿನಿಂದ. ಸಾಸಿವೆ ಡಬ್ಬಿಯ ಹುಡುಗಿ ಮಾತ್ರ, “ಏರಿಗೆ ನೀರು ಬೇಕಾಗಿಲ್ಲ ಮೇಡಂ, ಅಮ್ಮನಿಗೆ ದುಡ್ಡು ಬೇಕಾಗಿರುತ್ತದೆ” ಎಂದು ಕುಳಿತಳು. ಅದಕ್ಕೆ ಅಂದು ನನ್ನ ಬಳಿ ಉತ್ತರವಿರಲಿಲ್ಲ, ಈಗಲೂ ಪೂರ್ತಿಯಾಗಿ ಇಲ್ಲ. ರೂಪಕವೊಂದರ ಹೊಲಿಗೆ ಎಲ್ಲಿ ಬಿಟ್ಟಿದೆ ಎಂದು ಹದಿನಾಲ್ಕು ವರ್ಷದ ಮಗು ಬೆರಳಿಟ್ಟು ತೋರಿಸಿದಾಗ, ಅದನ್ನು ತಪ್ಪು ಉತ್ತರ ಎಂದು ಗುರುತು ಹಾಕಲು ನನ್ನ ಕೈ ಏಳಲಿಲ್ಲ. ಏರಿಯನ್ನು ಚೆನ್ನಾಗಿ ಅರಿತದ್ದರಿಂದಲೇ ಅವಳಿಗೆ ಆ ವ್ಯತ್ಯಾಸ ಕಂಡಿತ್ತು.

ತಿಂಗಳ ನಂತರ

ಇದು ಈ ಒಂದು ವಚನಕ್ಕೆ ಸೀಮಿತವೋ, ಮಕ್ಕಳು ಬೇರೆ ಕಡೆಗೂ ಒಯ್ದರೋ ಎಂಬ ಕುತೂಹಲ ನನಗಿತ್ತು. ಪಠ್ಯದ ಇನ್ನೊಂದು ಪಾಠದಲ್ಲಿ ‘ಜನಪದ ಕಲೆ ನಮ್ಮ ಬದುಕಿನಲ್ಲಿ ಹಾಸುಹೊಕ್ಕಾಗಿದೆ’ ಎಂಬಂಥ ವಾಕ್ಯ ಬಂತು. ನಾವೆಲ್ಲ ಬರೆದು ಬರೆದು ಸವೆಸಿದ ಪದ. ಬೆರೆತಿದೆ ಎಂದು ಹೇಳಿ ಮುಂದಕ್ಕೆ ಹೋಗುವವಳಿದ್ದೆ. ಮಗ್ಗದ ಮನೆಯ ಹುಡುಗಿಯೊಬ್ಬಳು ಎದ್ದು, “ಇದು ಎಲ್ಲಿರುತ್ತದೆ ಎಂದು ನೀವು ಕೇಳಲಿಲ್ಲ” ಎಂದಳು. ಕೇಳಿದೆ. ಅವಳು ಹೇಳಿದಳು: ಮಗ್ಗದಲ್ಲಿ ಉದ್ದಕ್ಕೆ ಬಿಗಿದಿರುವ ನೂಲು ಹಾಸು. ಲಾಳಿ ಅಡ್ಡಡ್ಡ ಓಡಿ ಒಳಗೆ ಹೊಗಿಸುವ ನೂಲು ಹೊಕ್ಕು. ಅವಳ ತಾಯಿ ಮನೆಯಲ್ಲಿ ಕಂಡಿಕೆ, ಅಂದರೆ ಲಾಳಿಯೊಳಗಿನ ನೂಲಿನ ಸುರುಳಿ ಸುತ್ತುವುದು ಹೊಕ್ಕಿನ ನೂಲಿಗಾಗಿ. ತನ್ನ ಎರಡೂ ಕೈಗಳ ಬೆರಳುಗಳನ್ನು ಒಂದರ ಮೇಲೊಂದು, ಒಂದರ ಕೆಳಗೊಂದು ಹೆಣೆದು ತೋರಿಸಿದಳು.

“ಬೆರೆತಿರುವುದಲ್ಲ ಮೇಡಂ. ಹಾಲಿಗೆ ನೀರು ಬೆರೆಯುತ್ತದೆ. ಇದರಲ್ಲಿ ಎರಡೂ ಬೇರೆ ಬೇರೆಯಾಗಿ ಕಾಣುತ್ತವೆ, ಆದರೆ ಒಂದನ್ನು ಎಳೆದರೆ ಬಟ್ಟೆಯೇ ಇರುವುದಿಲ್ಲ.”

ಇಪ್ಪತ್ತು ವರ್ಷಗಳಿಂದ ಈ ಪದವನ್ನು ಬಳಸುತ್ತಿದ್ದೇನೆ. ಹಾಸು ಯಾವುದು, ಹೊಕ್ಕು ಯಾವುದು ಎಂದು ನನಗೆ ತಿಳಿದದ್ದು ಆ ಬೆರಳುಗಳಿಂದ.

ಎಲ್ಲರಿಗೂ ಹೀಗೆ ಒಲಿಯಿತು ಎಂದು ನಾನು ಹೇಳುವುದಿಲ್ಲ. ಓದುವುದೇ ತ್ರಾಸವಾಗಿರುವ ನಾಲ್ಕೈದು ಮಕ್ಕಳಿಗೆ ಈ ಚರ್ಚೆಯಿಂದ ಸಿಕ್ಕಿದ್ದು ಕಡಿಮೆ. ಒಂದು ವಚನಕ್ಕೆ ಮೂರು ಅವಧಿ ಹಿಡಿಯಿತು, ಪಠ್ಯದ ಎರಡು ಪದ್ಯಗಳನ್ನು ಕೊನೆಗೆ ಓಡಿಸಿ ಮುಗಿಸಬೇಕಾಯಿತು. ಗೊತ್ತಿಲ್ಲದ ಪದಗಳಿಗೆಲ್ಲ ಹೀಗೆ ಕೂರುವುದು ಸಾಧ್ಯವೂ ಇಲ್ಲ, ಬೇಕಾಗಿಯೂ ಇಲ್ಲ. ರೂಪಕದ ಭಾರ ಹೊತ್ತಿರುವ ಪದ ಯಾವುದು ಎಂದು ಪಾಠಕ್ಕೆ ಮೊದಲೇ ಗುರುತಿಸಿಕೊಳ್ಳುವುದನ್ನು ಮಾತ್ರ ನಾನು ರೂಢಿ ಮಾಡಿಕೊಂಡಿದ್ದೇನೆ. ಈ ವಚನದಲ್ಲಿ ಅದು ಏರಿ. ಅದೊಂದು ಸಿಕ್ಕಿದ ಮೇಲೆ ಬೇಲಿ, ಕೆಯ್ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಚಿಂತಾಮಣಿಯ ಹುಡುಗನಿಗಂತೂ ‘ಕೆಯ್’ ಗೊತ್ತಿಲ್ಲದಿದ್ದರೂ, ಏರಿಯ ಬಲದಿಂದಲೇ, “ಅದು ಬೇಲಿ ಕಾಯುವ ಯಾವುದೋ ಒಂದು ಇರಬೇಕು” ಎಂದು ನಾನು ಹೇಳುವ ಮೊದಲೇ ಊಹಿಸಿದ್ದ.

ಆ ಪಾಠದ ಕೊನೆಗೆ ಒಂದು ಕೆಲಸ ಕೊಟ್ಟಿದ್ದೆ. ವಚನದ ಸಾಲಿಗೆ ನಿಮ್ಮದೊಂದು ಚಿತ್ರ ಸೇರಿಸಿ, ನಿಮಗೆ ಚೆನ್ನಾಗಿ ಗೊತ್ತಿರುವ ವಸ್ತುವಿನಿಂದ. ಹೆಲ್ಮೆಟ್ಟೇ ತಲೆ ಒಡೆದರೆ ಎಂದು ಒಬ್ಬ. ಆಂಬುಲೆನ್ಸೇ ಗುದ್ದಿದರೆ ಎಂದು ಇನ್ನೊಬ್ಬ. ಮಗ್ಗದ ಮನೆಯ ಹುಡುಗಿ ‘ಲಾಳಿ ನೂಲು ಕಡಿದರೆ’ ಎಂದು ಬರೆದು, ತಾನೇ ಅದನ್ನು ಹೊಡೆದುಹಾಕಿದ್ದಳು. ಏಕೆ ಎಂದು ಕೇಳಿದ್ದಕ್ಕೆ, “ಅದು ದಿನವೂ ಆಗುತ್ತದೆ, ಗಂಟು ಹಾಕಿ ಮುಂದಕ್ಕೆ ನೇಯುತ್ತಾರೆ. ಲಾಳಿ ನೂಲನ್ನು ಕಾಯುವುದಿಲ್ಲ” ಎಂದಳು.

ಚಿಂತಾಮಣಿಯ ಹುಡುಗನ ಪುಸ್ತಕದಲ್ಲಿ ಒಂದೇ ಸಾಲಿತ್ತು: ‘ನೀರುಗಂಟಿಯೇ ರಾತ್ರಿ ತೂಬು ಎತ್ತಿ ನೀರು ಮಾರಿಕೊಂಡರೆ.’ ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ‘ನಮ್ಮ ತಾತ ಹಾಗೆ ಮಾಡಿದವರಲ್ಲ’ ಎಂದು ಬರೆದಿದ್ದ.